ಕಾಳ್ಗಿಚ್ಚೂ ನಮ್ಮ ಗ್ರಾಮಗಳ ಹೊಣೆಯೂ

ಕಂಪಲಾಪುರದ ಹೊಗೆಸೊಪ್ಪಿನ ಹರಾಜು ಮಾರುಕಟ್ಟೆಯ ಬಳಿ ಮಾಘಮಾಸದ ಒಂದು ಮಧ್ಯಾಹ್ನ ಕುಳಿತಿದ್ದಾಗ, ದಕ್ಷಿಣದ ಕಡೆ ಆಕಾಶದಲ್ಲಿ ಕಂದುಬಣ್ಣದ ಹೊಗೆಯ ತೆರೆಯೊಂದು ಮೇಲೇಳುತ್ತಿದ್ದುದು ಕಣ್ಣಿಗೆ ಬಿದ್ದಿತು. ಪಕ್ಕದಲ್ಲಿದ್ದ ಹಿರಿಯ ರೈತರೊಬ್ಬರು ಅದನ್ನು ನೋಡಿ, “ಬಿಸಿಲು ಹೆಚ್ಚಾಯಿತು ಸ್ವಾಮಿ, ಕಾಡು ಹತ್ತಿಕೊಂಡಿತು” ಎಂದರು. “ಯಜಮಾನರೇ, ನಿಮ್ಮ ಬ್ಯಾರನ್ನಿನಲ್ಲಿ ಬಿಸಿಲಿಗಿಂತ ಎಷ್ಟೋ ಹೆಚ್ಚಿನ ಶಾಖವಿರುತ್ತದಲ್ಲ, ಅದು ಎಂದಾದರೂ ತಾನಾಗಿ ಹತ್ತಿಕೊಂಡದ್ದುಂಟೇ?” ಎಂದು ನಾನು ಕೇಳಿದೆನು. “ತಾನಾಗಿ ಹೇಗೆ ಹತ್ತೀತು? ಒಣಗಿದ ಎಲೆ ಉದುರಿ ಕಾದ ಕೊಳವೆಯ ಮೇಲೆ ಬೀಳಬೇಕು” ಎಂದು ಅವರು ತಡವಿಲ್ಲದೆ ಉತ್ತರಕೊಟ್ಟರು. ಕಾಡಿನ ವಿಷಯದಲ್ಲಿ ತಿಳಿಯಬೇಕಾದುದರಲ್ಲಿ ಅರ್ಧವನ್ನು ಆ ಮಹನೀಯರು ತಮಗೆ ಅರಿವಿಲ್ಲದೆಯೇ ಹೇಳಿಬಿಟ್ಟರೆಂದು ನನಗೆ ತೋರಿತು.

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಈ ಮೂರು ತಾಲ್ಲೂಕುಗಳ ಗ್ರಾಮಮುಖ್ಯರೂ ಭೂಮಾಲೀಕರೂ ನಾಗರಹೊಳೆಯ ಕಾಡಿನ ಅಂಚಿನಲ್ಲಿ, ಇಲ್ಲವೆ ಅದರ ನೆರಳಿನಲ್ಲಿ, ಬೇಸಾಯ ಮಾಡಿಕೊಂಡಿರುವವರು. ಕೃಷ್ಣರಾಜನಗರದವರಿಗೆ ಕಾಡು ಸ್ವಲ್ಪ ದೂರವಾದರೂ, ಕಬ್ಬಿನ ತರಗಿಗೆ ಇಟ್ಟ ಬೆಂಕಿಯು ನೆರೆಯವನ ತೋಟಕ್ಕೆ ದಾಟುವುದನ್ನು ಅವರೂ ಬಲ್ಲರು. ಕಾಡಿನ ಬೆಂಕಿಯು ಅರಣ್ಯ ಇಲಾಖೆಯವರ ಪಾಡು, ನಮಗೇನು ಸಂಬಂಧವೆಂಬ ಅಭಿಪ್ರಾಯವು ನಮ್ಮಲ್ಲಿ ಬಹಳವಾಗಿ ಹರಡಿದೆ. ಈ ಅಭಿಪ್ರಾಯವು ಸರಿಯಲ್ಲವೆಂದೂ, ಬೆಂಕಿ ಎಲ್ಲಿ ಏಕೆ ಹತ್ತುವುದೆಂಬುದನ್ನು ತಿಳಿದುಕೊಂಡರೆ ಅದನ್ನು ತಡೆಯುವ ಕಾಲವೂ ಸ್ಥಳವೂ ನಮ್ಮ ಕೈಯಲ್ಲೇ ಇರುವುದು ಗೊತ್ತಾಗುವುದೆಂದೂ ತೋರಿಸುವುದೇ ಈ ಲೇಖನದ ಉದ್ದೇಶವು.

ಬ್ಯಾರನ್ನಿನ ದೃಷ್ಟಾಂತವನ್ನೇ ಮುಂದುವರಿಸೋಣ. ಹಸಿಯ ಸೊಪ್ಪನ್ನು ಕಟ್ಟಿ ಏರಿಸಿದ ಮೇಲೆ ಮೊದಲು ಅದು ಹಳದಿಯಾಗುವುದು. ಆಮೇಲೆ ಎಲೆಯ ಹಾಳೆಯು ಒಣಗುವುದು. ಕಡೆಗೆ, ಶಾಖವನ್ನು 160 ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸಿಗೆ ಏರಿಸಿದಾಗ ಮಾತ್ರ, ನಡುದಿಂಡು ಒಣಗುವುದು. ಐದಾರು ದಿನ ಇಷ್ಟು ಶಾಖವನ್ನು ಕೊಟ್ಟರೂ ಸೊಪ್ಪು ಉರಿಯುವುದಿಲ್ಲ. ಏಕೆಂದರೆ ಸೊಪ್ಪಾಗಲಿ ಸೌದೆಯಾಗಲಿ ಉರಿಯಬೇಕಾದರೆ ಅದರಲ್ಲಿರುವ ನೀರು ಮೊದಲು ಆವಿಯಾಗಿ ಹೋಗಬೇಕು. ಆಮೇಲೆ ಸುಮಾರು 500 ಡಿಗ್ರಿಗೂ ಮೀರಿದ ಶಾಖವು ತಗಲಿ, ಅದರೊಳಗಿನಿಂದ ಉರಿಯತಕ್ಕ ಅನಿಲಗಳು ಹೊರಡಬೇಕು. ನಾವು ಜ್ವಾಲೆಯೆಂದು ಕರೆಯುವುದು ಆ ಅನಿಲವು ಉರಿಯುವುದನ್ನೇ. ಚೈತ್ರಮಾಸದ ನಡುಮಧ್ಯಾಹ್ನ ಬಂಡೆಯ ಮೇಲೆ ಕಾಲಿಡಲಾಗದಂಥ ಬಿಸಿಲಿನಲ್ಲಿಯೂ ನೆಲದ ಶಾಖವು ಬ್ಯಾರನ್ನಿನ ಕಡೆಯ ಹಂತದ ಶಾಖವನ್ನು ಮುಟ್ಟುವುದೇ ಕಷ್ಟ. ಆದಕಾರಣ ಬಿಸಿಲು ಕಾಡನ್ನು ಒಣಗಿಸಬಲ್ಲುದೇ ಹೊರತು ಹೊತ್ತಿಸಲಾರದು. ಬಿದಿರು ಬಿದಿರಿಗೆ ಉಜ್ಜಿ ಬೆಂಕಿ ಹುಟ್ಟುವುದೆಂಬ ಮಾತನ್ನು ಕೇಳಿದ್ದೇವೆ. ಕೇಳಿದವರು ಬಹಳ ಮಂದಿ. ಕಣ್ಣಾರೆ ಕಂಡೆನೆಂದು ಹೇಳಿದವರನ್ನು ನಾನಂತೂ ಈವರೆಗೆ ಸಂಧಿಸಿಲ್ಲ.

ಎಲೆಯ ಹಾಳೆ ಮೊದಲು ಒಣಗಿ ನಡುದಿಂಡು ತಡವಾಗಿ ಒಣಗುವಂತೆ, ಕಾಡಿನಲ್ಲಿಯೂ ತೆಳ್ಳಗಿರುವುದು ಬೇಗ, ದಪ್ಪಗಿರುವುದು ತಡವಾಗಿ ಒಣಗುವುದು. ಒಣಹುಲ್ಲು, ತೇಗದ ತರಗೆಲೆ ಇವು ಬೆಳಗಿನ ಮಂಜಿನಿಂದ ತೇವವಾಗಿದ್ದರೂ ಎರಡು ಗಂಟೆಯ ಬಿಸಿಲಿಗೆ ಗರಿಗರಿಯಾಗುವುವು. ಬೆರಳುಗಾತ್ರದ ಕಡ್ಡಿಗೆ ಒಂದು ದಿನ ಬೇಕು. ಬಿದ್ದ ದಿಮ್ಮಿಗೆ ವಾರಗಳು, ತಿಂಗಳುಗಳು ಬೇಕು. ಪುಷ್ಯಮಾಸದಲ್ಲಿ ಹತ್ತಿದ ಬೆಂಕಿಯು ಹುಲ್ಲಿನ ಮೇಲೆ ತೆವಳಿ, ರಾತ್ರಿಯ ಮಂಜಿಗೆ ತಾನೇ ನಂದಿಹೋಗುವುದೂ, ಅದೇ ಜಾಗದಲ್ಲಿ ಫಾಲ್ಗುಣ ಚೈತ್ರಗಳಲ್ಲಿ ಹತ್ತಿದ ಬೆಂಕಿಯು ದಿಮ್ಮಿಗಳನ್ನೂ ಮೊಟ್ಟುಗಳನ್ನೂ ಹಿಡಿದು ಮೂರು ನಾಲ್ಕು ದಿನ ಕೆಂಡವಾಗಿ ಕುಳಿತು ಮತ್ತೆ ಮತ್ತೆ ಏಳುವುದೂ ಇದೇ ಕಾರಣದಿಂದ. ಈ ವ್ಯತ್ಯಾಸವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ; ಮುಂದೆ ಹೇಳತಕ್ಕ ಸಲಹೆಯೆಲ್ಲವೂ ಇದರ ಮೇಲೆಯೇ ನಿಂತಿದೆ.

ಇನ್ನು, ಲೋಕದಲ್ಲಿ ಯಾವ ಸೀಮೆಯ ಕಾಡು ಹೆಚ್ಚಾಗಿ ಉರಿಯುವುದು? ಅತ್ಯಂತ ಸೆಕೆಯ ಮರಳುಗಾಡಿನಲ್ಲಿ ಉರಿಯಲು ಏನೂ ಇಲ್ಲ. ವರ್ಷವೆಲ್ಲ ತೊಟ್ಟಿಕ್ಕುವ ಬ್ರಹ್ಮಗಿರಿಯ ನಿತ್ಯಹಸುರಿನ ಶೋಲೆಗಳಲ್ಲಿ ಉರಿಯಲು ಬೇಕಾದಷ್ಟಿದ್ದರೂ ಅದು ಒಣಗುವುದಿಲ್ಲ. ಒಂದು ಋತುವಿನಲ್ಲಿ ಚೆನ್ನಾಗಿ ಮಳೆಯಾಗಿ ಸಸ್ಯಗಳು ಬೆಳೆದು, ಇನ್ನೊಂದು ಋತುವಿನಲ್ಲಿ ತಿಂಗಳುಗಟ್ಟಲೆ ಹನಿ ಬೀಳದೆ ಅವೆಲ್ಲ ಒಣಗುವ ಸೀಮೆಗಳೇ ಉರಿಯುವ ಸೀಮೆಗಳು. ಇಂಥವುಗಳಲ್ಲಿ ಹೆಸರಾದದ್ದು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ದೇಶಗಳ ಹವಾಗುಣವು. ಅಲ್ಲಿ ಮಳೆಯು ಚಳಿಗಾಲದಲ್ಲಿ ಬರುವುದು. ಬೇಸಗೆಯು ಪೂರ್ತಿಯಾಗಿ ಒಣಗಿರುವುದು. ಕ್ಯಾಲಿಫೋರ್ನಿಯ, ಚಿಲಿ ದೇಶದ ನಡುಭಾಗ, ದಕ್ಷಿಣ ಆಫ್ರಿಕದ ಕೇಪ್ ಪ್ರಾಂತ, ಆಸ್ಟ್ರೇಲಿಯದ ದಕ್ಷಿಣ ಮತ್ತು ನೈಋತ್ಯ ಭಾಗಗಳು ಇವೂ ಇದೇ ಹವೆಯವು. ಅಲ್ಲಿನ ಗಿಡಗಳು ನೀರನ್ನು ಕಾಪಾಡಿಕೊಳ್ಳಲೆಂದು ಎಲೆಗಳನ್ನು ಸಣ್ಣದಾಗಿಯೂ ತೊಗಲಿನಂತೆ ಗಡುಸಾಗಿಯೂ ಮಾಡಿಕೊಂಡಿವೆ. ಅನೇಕ ಗಿಡಗಳ ಎಲೆಗಳಲ್ಲಿ ಎಣ್ಣೆಯ ಅಂಶವೂ ಉಂಟು. ಬೆಂಕಿಯು ಅಲ್ಲಿಗೆ ಹೊಸ ಅತಿಥಿಯಲ್ಲ. ಕೆಲವು ಜಾತಿಯ ಪೈನ್ ಮರಗಳ ಕಾಯಿಗಳು ಬೆಂಕಿಯ ಶಾಖ ತಗಲಿದ ಮೇಲೆಯೇ ಬಿರಿದು ಬೀಜವನ್ನು ಉದುರಿಸುವುವು. ಪೋರ್ಚುಗಲ್ ದೇಶದ ಬೆಂಡುಮರವು ದಪ್ಪ ತೊಗಟೆಯ ಬಲದಿಂದ ಸುಟ್ಟರೂ ಮತ್ತೆ ಚಿಗುರುವುದು.

ಆದರೂ ಆ ದೇಶಗಳಲ್ಲಿ ಇತ್ತೀಚೆಗೆ ಆಗಿರುವ ಅನಾಹುತಗಳು ಭಯಂಕರವಾಗಿವೆ. 2009ನೆಯ ಇಸವಿ ಫೆಬ್ರವರಿ 7ರಂದು ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದಲ್ಲಿ ಹತ್ತಿದ ಬೆಂಕಿಗಳಲ್ಲಿ 173 ಮಂದಿ ಮಡಿದರು. 2017ರ ಜೂನ್‌ನಲ್ಲಿ ಪೋರ್ಚುಗಲ್‌ನಲ್ಲಿ ಅರವತ್ತಕ್ಕೂ ಹೆಚ್ಚು ಮಂದಿ, ಅವರಲ್ಲಿ ಅನೇಕರು ಓಡಿಹೋಗಲು ರಸ್ತೆ ಹಿಡಿದವರು, ಬೆಂಕಿಗೆ ಸಿಕ್ಕರು. 2018ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯದ ಪ್ಯಾರಡೈಸ್ ಎಂಬ ಪಟ್ಟಣವು ಒಂದೇ ದಿನದಲ್ಲಿ ಬಹುಮಟ್ಟಿಗೆ ಬೂದಿಯಾಗಿ 85 ಮಂದಿ ಸತ್ತರು; ಆ ವರ್ಷ ಬರಬೇಕಾಗಿದ್ದ ಶರತ್ಕಾಲದ ಮಳೆಯು ತಡವಾಗಿತ್ತು, ಒಣಗಾಳಿಯು ಮುಂಚಿತವಾಗಿ ಬಂದಿತ್ತು. ಭೂಮಿಯ ಹವೆಯು ಕಾಯುತ್ತ ಬಂದಂತೆ ಒಣದಿನಗಳ ಕಾಟವು ಹೆಚ್ಚುತ್ತಿದೆಯೆಂಬುದು ವಿಜ್ಞಾನಿಗಳ ನಿರ್ಣಯ. ಆದರೆ ಪೋರ್ಚುಗಲ್ಲಿನ ವಿಷಯದಲ್ಲಿ ನಮ್ಮ ಗ್ರಾಮಸ್ಥರು ಗಮನಿಸಬೇಕಾದ ಮತ್ತೊಂದು ಕಾರಣವುಂಟು. ಅಲ್ಲಿನ ಹಳ್ಳಿಗಳ ಯುವಕರು ಪಟ್ಟಣಗಳಿಗೆ ಹೊರಟುಹೋದರು, ಆಡುಕುರಿಗಳು ಕಡಮೆಯಾದುವು, ಉಳದೆ ಬಿಟ್ಟ ಹೊಲಗಳಲ್ಲಿ ಪೊದೆ ಬೆಳೆಯಿತು, ಅನೇಕ ಕಡೆ ಕಾಗದದ ಗಿರಣಿಗಾಗಿ ನೀಲಗಿರಿಯನ್ನು ನೆಟ್ಟರು. ಮನುಷ್ಯನ ಕೈ ತಪ್ಪಿದ ಭೂಮಿಯು ಹತ್ತಿಪ್ಪತ್ತು ವರ್ಷಗಳಲ್ಲಿ ಸೌದೆಯ ಒಟ್ಟಿಲಾಯಿತು.

ನಮ್ಮ ಸೀಮೆಯಲ್ಲಿ ಋತುಗಳ ಕ್ರಮವು ಬೇರೆ. ಮಳೆಯು ಬರುವುದು ಆಷಾಢದಿಂದ ಕಾರ್ತಿಕದವರೆಗೆ. ಸ್ವಾತಿ ವಿಶಾಖಗಳು ಮುಗಿದ ಮೇಲೆ, ಮುಂದಿನ ಅಶ್ವಿನಿ ಭರಣಿ ಮಳೆಗಳ ತನಕ, ನಾಲ್ಕೈದು ತಿಂಗಳು ಆಕಾಶವು ಬಹುಮಟ್ಟಿಗೆ ಬರಿದು. ಮೊದಲು ಚಳಿಯೊಡನೆ ಒಣಗುವುದು, ಆಮೇಲೆ ಬಿಸಿಲಿನೊಡನೆ ಒಣಗುವುದು. ತೇಗ, ಮತ್ತಿ, ಹೊನ್ನೆ, ನಂದಿ ಮೊದಲಾದ ಮರಗಳು ನೀರನ್ನು ಉಳಿಸಿಕೊಳ್ಳುವುದಕ್ಕಾಗಿ ಎಲೆಯನ್ನೇ ಉದುರಿಸಿಬಿಡುವುವು. ಮೊಣಕಾಲುದ್ದ ತರಗು ನೆಲದ ಮೇಲೆ ಕೂಡುವುದು. ಮೆಡಿಟರೇನಿಯನ್ ಸೀಮೆಯ ಗಿಡವು ಎಲೆಯನ್ನು ಇಟ್ಟುಕೊಂಡು ತಲೆಯ ಮೇಲೆ ಉರಿಯುವುದು, ನಮ್ಮದು ಎಲೆಯನ್ನು ಉದುರಿಸಿ ಕಾಲಡಿಯಲ್ಲಿ ಉರಿಯುವುದು, ಇಷ್ಟೇ ಭೇದ. ಬೆಳೆಯುವ ಕಾಲ ಒಂದು, ಒಣಗುವ ಕಾಲ ಒಂದು, ಎಂಬ ಮೂಲವು ಎರಡು ಕಡೆಯೂ ಒಂದೇ.

ಇದರಿಂದ ಒಂದು ವಿಚಿತ್ರವಾದ ಸಂಗತಿ ಹೊರಡುವುದು. ಮಳೆ ಕಡಮೆಯಾದ ವರ್ಷದಲ್ಲಿ ಬೆಂಕಿಯ ಭಯ ಹೆಚ್ಚೆಂದು ನಾವು ಎಣಿಸುವೆವು. ಮಳೆ ಧಾರಾಳವಾಗಿ ಆದ ವರ್ಷದ ಮರುಬೇಸಗೆಯೂ ಅಷ್ಟೇ ಭಯಕ್ಕೆ ಯೋಗ್ಯ, ಏಕೆಂದರೆ ಆಗ ಹುಲ್ಲು ಆಳೆತ್ತರ ಬೆಳೆದಿರುತ್ತದೆ. 2018ನೆಯ ಇಸವಿಯ ಮುಂಗಾರಿನಲ್ಲಿ ಕೊಡಗಿನಲ್ಲಿ ಪ್ರವಾಹವಾಗಿ ಗುಡ್ಡಗಳು ಜರಿದುದೂ, ಕಬಿನಿಯು ಉಕ್ಕಿ ಹರಿದುದೂ ಎಲ್ಲರಿಗೂ ನೆನಪಿರಬಹುದು. ಆರು ತಿಂಗಳು ಕಳೆಯುವುದರೊಳಗೆ, 2019ರ ಫೆಬ್ರವರಿ ಮೂರನೆಯ ನಾಲ್ಕನೆಯ ವಾರಗಳಲ್ಲಿ, ಬಂಡೀಪುರದ ಗೋಪಾಲಸ್ವಾಮಿ ಬೆಟ್ಟದ ಕಡೆ ಹತ್ತಿದ ಬೆಂಕಿಯು ಗಾಳಿಗೆ ಸಿಕ್ಕಿ ಹತ್ತು ಸಾವಿರ ಎಕರೆಗೂ ಮೀರಿದ ಕಾಡನ್ನು ಸುಟ್ಟಿತು. ವಾಯುಸೇನೆಯ ಹೆಲಿಕಾಪ್ಟರುಗಳು ಬಂದು ಆಕಾಶದಿಂದ ನೀರು ಸುರಿಯಬೇಕಾಯಿತು. ಅದಕ್ಕೆ ಎರಡು ವರ್ಷ ಮುಂಚೆ, 2017ರ ಫೆಬ್ರವರಿಯಲ್ಲಿ, ಅದೇ ಬಂಡೀಪುರದಲ್ಲಿ ಬೆಂಕಿಯನ್ನು ನಂದಿಸಲು ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳೆದುಕೊಂಡರು.

ಹಾಗಾದರೆ ಹೊತ್ತಿಸುವವರು ಯಾರು? ಕ್ಯಾಲಿಫೋರ್ನಿಯದಲ್ಲಿ ಮಳೆಯಿಲ್ಲದ ಸಿಡಿಲಿನಿಂದಲೂ ಬೆಂಕಿ ಏಳುವುದುಂಟು. ನಮ್ಮಲ್ಲಿ ಸಿಡಿಲು ಬರುವುದು ಸಾಮಾನ್ಯವಾಗಿ ಅಶ್ವಿನಿ ಭರಣಿಗಳ ಮಳೆಯೊಡನೆ. ಹೊತ್ತಿಸಿದ್ದನ್ನು ಅದೇ ಮಳೆಯು ನಂದಿಸುವುದು. ಆದುದರಿಂದ ಮಾಘ ಫಾಲ್ಗುಣಗಳಲ್ಲಿ ಏಳುವ ಬೆಂಕಿಯು ಬಹುಮಟ್ಟಿಗೆ ಮನುಷ್ಯನ ಕೈಯದೇ. ಎಸೆದ ಬೀಡಿ, ಜೇನು ಬಿಡಿಸಲು ಹಿಡಿದ ಪಂಜು, ಹೊಸ ಹುಲ್ಲು ಚಿಗುರಲೆಂದು ದನಗಾಹಿಗಳು ಇಟ್ಟ ಬೆಂಕಿ, ಬದುವಿನ ಕಸಕ್ಕೆ ಹಚ್ಚಿ ಊಟಕ್ಕೆ ಹೋದ ರೈತನ ಮರೆವು, ಕೆಲವೆಡೆ ಅಧಿಕಾರಿಗಳ ಮೇಲಿನ ಸಿಟ್ಟು, ಇವೆಲ್ಲವೂ ಉಂಟು. ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಸಿಟ್ಟಿಗೆ ಕಾರಣವಿರಬಹುದು, ಆನೆಯು ಬೆಳೆಯನ್ನು ತುಳಿದು ಪರಿಹಾರವು ಕೈಸೇರದೆ ಇದ್ದಾಗ ಮನಸ್ಸು ಕಹಿಯಾಗುವುದು ಸಹಜವೇ. ಆದರೆ ಕಾಡಿನ ಮೇವು ಸುಟ್ಟ ಮೇಲೆ ಆನೆಯು ಎಲ್ಲಿಗೆ ಹೋಗುವುದು? ಹುಲ್ಲೂ ಬಿದಿರೂ ಬೂದಿಯಾದರೆ ಅದು ನಮ್ಮ ಬಾಳೆಯ ತೋಟಕ್ಕೇ ಬರಬೇಕು.

ಇಲ್ಲಿಯವರೆಗೆ ಹೇಳಿದುದನ್ನು ಕೇಳಿ, ಕಾಡಿನೊಳಗೆ ಬೆಂಕಿಯೇ ಕೂಡದೆಂದು ನಾನು ವಾದಿಸುತ್ತಿರುವೆನೆಂದು ಕೆಲವರು ತಿಳಿಯಬಹುದು. ನನ್ನ ಅಭಿಪ್ರಾಯವು ಅದಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಗೆಯ ಆರಂಭದಲ್ಲಿಯೇ ತರಗಿಗೆ ಸಣ್ಣ ಬೆಂಕಿಯನ್ನು ಇಡುತ್ತಿದ್ದರು. ಇದಕ್ಕೆ ಅವರು ತರಗು ಬೆಂಕಿ ಎನ್ನುವರು. ತರಗು ಅಷ್ಟಷ್ಟಾಗಿ ಉರಿದುಹೋಗುತ್ತಿದ್ದುದರಿಂದ ದೊಡ್ಡ ಬೆಂಕಿಗೆ ಆಹಾರವು ಉಳಿಯುತ್ತಿರಲಿಲ್ಲ. ಆ ಕಾಡು 1974ರಲ್ಲಿ ವನ್ಯಧಾಮವಾಗಿ ಬೆಂಕಿಯು ಸಂಪೂರ್ಣವಾಗಿ ನಿಷಿದ್ಧವಾದ ಮೇಲೆ ಲಂಟಾನದ ಪೊದೆಯು ದಟ್ಟವಾಗಿ ಹಬ್ಬಿತೆಂದು ಸೋಲಿಗರು ಹೇಳುವರು. ವಿಜ್ಞಾನಿಗಳಲ್ಲಿ ಕೆಲವರು ಇದನ್ನು ಒಪ್ಪಿದ್ದಾರೆ, ಕೆಲವರು ಬೇರೆ ಕಾರಣಗಳನ್ನೂ ಹೇಳಿದ್ದಾರೆ. ಈ ಚರ್ಚೆಯು ಹೊಸತೂ ಅಲ್ಲ. ಬರ್ಮಾ ದೇಶದ ತೇಗದ ಕಾಡುಗಳಲ್ಲಿ ಬೆಂಕಿಯನ್ನು ಅನೇಕ ವರ್ಷ ಕಟ್ಟುನಿಟ್ಟಾಗಿ ತಡೆದ ಬ್ರಿಟಿಷ್ ಅರಣ್ಯಾಧಿಕಾರಿಗಳೇ, ತೇಗದ ಸಸಿಗಳು ಏಳುತ್ತಿಲ್ಲವೆಂದು ಕಂಡು, ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಆ ಕ್ರಮವನ್ನು ಸಡಿಲಿಸಿದರು.

ಈಗಿನ ಸ್ಥಿತಿಯಲ್ಲಿ ಹಳೆಯ ಪದ್ಧತಿಯನ್ನು ಇದ್ದಂತೆಯೇ ಮರಳಿ ತರುವುದೂ ಸಾಧ್ಯವಲ್ಲ. ಲಂಟಾನವು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಹೂವಿನ ಅಲಂಕಾರಕ್ಕೆಂದು ನಮ್ಮ ದೇಶಕ್ಕೆ ಬಂದ ಗಿಡ. ಇದು ಹಬ್ಬಿರುವಲ್ಲಿ ನೆಲದ ಮೇಲೆ ತೆವಳುವ ಬೆಂಕಿಯು ಏಣಿ ಸಿಕ್ಕಿದಂತೆ ಮೇಲೇರಿ ಮರದ ಕೊಂಬೆಗಳನ್ನು ಮುಟ್ಟುವುದು. ಸುಟ್ಟರೆ ಇದು ಸಾಯುವುದೂ ಇಲ್ಲ. ಬುಡದಿಂದ ಮತ್ತೆ ಚಿಗುರುವುದು. ಆದಕಾರಣ ಮೊದಲು ಇದನ್ನು ನೆಲದ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಬೇರು ಕಡಿದು ಕಿತ್ತು, ತಲೆಕೆಳಗಾಗಿ ಒಟ್ಟತಕ್ಕದ್ದು. ಹೂಬಿಟ್ಟು ಸತ್ತ ಬಿದಿರಿನ ಮೆಳೆಗಳೂ ಹೀಗೆಯೇ ಅಪಾಯಕರ. ಒಂದು ಸಲ ಹೂಬಿಟ್ಟರೆ ಇಡೀ ಸೀಮೆಯ ಬಿದಿರು ಒಟ್ಟಿಗೆ ಒಣಗಿ, ಮುಂದಿನ ಹಲವು ಬೇಸಗೆಗಳಿಗೆ ಸೌದೆಯಾಗಿ ನಿಲ್ಲುವುದು.

ನಾನು ಸೂಚಿಸುವುದು ಇಷ್ಟು. ಕಾಡಿಗೂ ಸಾಗುವಳಿ ಭೂಮಿಗೂ ನಡುವಣ ಅಂಚಿನಲ್ಲಿ ಬೆಂಕಿ ರೇಖೆಗಳನ್ನು ಸವರಿ ಸುಡುವ ಕೆಲಸವನ್ನು ಅರಣ್ಯ ಇಲಾಖೆಯವರು ಮಾಡುತ್ತಲೇ ಇದ್ದಾರೆ. ಆದರೆ ರೇಖೆಯ ಈಚೆಗೆ ಇರುವುದು ನಮ್ಮ ಹಿಡುವಳಿ, ನಮ್ಮ ಗೋಮಾಳ, ನಮ್ಮ ಬಂಡಿದಾರಿ. ಅಲ್ಲಿ ಹುಲ್ಲು ಹಾಗೆಯೇ ನಿಂತಿದ್ದರೆ ರೇಖೆಯಿಂದ ಬಂದ ಪ್ರಯೋಜನವು ಅರ್ಧ ಮಾತ್ರ. ಆದುದರಿಂದ ಇಲಾಖೆಯವರು ತಮ್ಮ ಕಡೆ ಯಾವ ದಿನ ಸುಡುವರೋ ಅದೇ ದಿನ, ಅವರ ಸಮ್ಮುಖದಲ್ಲಿ, ನಾವು ನಮ್ಮ ಕಡೆಯದನ್ನು ಕೊಯ್ದು ದನಗಳಿಗೆ ಹಾಕಿ, ಮಿಕ್ಕುದನ್ನು ಸುಡತಕ್ಕದ್ದು. ಕಾಲವು ಮಾರ್ಗಶಿರ ಪುಷ್ಯಗಳು. ಹೊತ್ತು, ಮಂಜು ಆರಿದ ಮೇಲೆ ಗಾಳಿ ಏಳುವುದಕ್ಕೆ ಮುಂಚೆ, ಇಲ್ಲವೆ ಸಂಜೆ. ಗಾಳಿಯ ದಿಕ್ಕನ್ನು ನೋಡಬಲ್ಲವರು ಬೇಕು. ನಾಗಾಪುರ ಮೊದಲಾದ ಪುನರ್ವಸತಿ ಗ್ರಾಮಗಳಲ್ಲಿಯೂ ಹಾಡಿಗಳಲ್ಲಿಯೂ ಇರುವ ಜೇನುಕುರುಬರಿಗೆ ಈ ಕಾಡಿನ ಗಾಳಿ, ಹುಲ್ಲು, ಹಳ್ಳ ಇವುಗಳು ತಿಳಿದಿರುವಂತೆ ನಮ್ಮಲ್ಲಿ ಯಾರಿಗೂ ತಿಳಿದಿಲ್ಲ. ಬೆಂಕಿ ಎದ್ದಾಗ ಮೊದಲು ಅನುಮಾನಪಡುವುದು ಅವರನ್ನೇ. ಬೆಂಕಿ ಏಳದಂತೆ ಯೋಚಿಸುವಾಗ ಅವರನ್ನು ಕರೆಯುವವರಿಲ್ಲ. ಈ ಕ್ರಮವು ನ್ಯಾಯವೂ ಅಲ್ಲ, ಬುದ್ಧಿವಂತಿಕೆಯೂ ಅಲ್ಲ. ತಕ್ಕ ಕೂಲಿಯನ್ನು ಕೊಟ್ಟು ಅವರ ಸಲಹೆಯಂತೆ ನಡೆಯುವುದು ಮೇಲು.

ಅಪ್ಪಣೆಯಿಲ್ಲದೆ ಯಾರೂ ತಾವಾಗಿ ಕಾಡಿನ ಅಂಚಿನಲ್ಲಿ ಬೆಂಕಿಯಿಡಕೂಡದೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. 1963ರ ಕರ್ನಾಟಕ ಅರಣ್ಯ ಕಾಯಿದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇವೆರಡರ ಪ್ರಕಾರವೂ ಅದು ಅಪರಾಧವು. ಮತ್ತು ಅಂಚಿನ ಪಟ್ಟಿಗೆ ಹೇಳಿದುದನ್ನು ಇಡೀ ಕಾಡಿಗೆ ಅನ್ವಯಿಸಬಾರದು. ಪ್ರತಿವರ್ಷವೂ ಒಂದೇ ಜಾಗವನ್ನು ಸುಟ್ಟರೆ ಎಳೆಯ ಸಸಿಗಳು ಬದುಕದೆ, ಮರಗಳಿಗೆ ಸಂತಾನವೇ ಇಲ್ಲದಂತಾಗುವುದು. ಕಡುಬೇಸಗೆಯಲ್ಲಿ ಸುಟ್ಟ ಇಳಿಜಾರಿನ ಮಣ್ಣು ಮೊದಲನೆಯ ಮಳೆಗೇ ಬೂದಿಯೊಡನೆ ಹಳ್ಳಕ್ಕಿಳಿದು ನಮ್ಮ ಕೆರೆಗಳನ್ನು ತುಂಬುವುದು. ಹೂಳೆತ್ತುವ ಖರ್ಚು ಎಷ್ಟೆಂಬುದನ್ನು ಗ್ರಾಮಮುಖ್ಯರಿಗೆ ನಾನು ತಿಳಿಸಬೇಕಾಗಿಲ್ಲ.

ನಮ್ಮ ಸ್ವಂತ ಜಮೀನುಗಳ ವಿಷಯದಲ್ಲಿ ಒಂದೆರಡು ಮಾತು. ನೀಲಗಿರಿಯ ತೋಪುಗಳನ್ನು ಹೊಸದಾಗಿ ನೆಡುವುದನ್ನು ಸರ್ಕಾರದವರು 2017ರಲ್ಲಿ ನಿಷೇಧಿಸಿದುದು ಅಂತರ್ಜಲದ ದೃಷ್ಟಿಯಿಂದ. ಬೆಂಕಿಯ ದೃಷ್ಟಿಯಿಂದಲೂ ಅದು ಒಳ್ಳೆಯದೇ ಆಯಿತು. ಈ ಮರದ ಎಲೆಯಲ್ಲಿ ಎಣ್ಣೆಯುಂಟು. ಸುಲಿದು ಜೋಲುವ ಅದರ ತೊಗಟೆಯು ಹತ್ತಿಕೊಂಡು ಗಾಳಿಯಲ್ಲಿ ಹಾರಿ ಬಹುದೂರ ಹೋಗಿ ಬೀಳುವುದು. ಹಳೆಯ ತೋಪುಳ್ಳವರು ಪುಷ್ಯದೊಳಗೆ ತರಗನ್ನು ಗುಡಿಸಿ ತೆಗೆಯಬೇಕು. ಕಬ್ಬಿನ ತರಗನ್ನಾದರೋ ಸುಡುವುದೇ ನಷ್ಟ; ಸಾಲಿನಲ್ಲಿ ಹೊದಿಸಿದರೆ ತೇವವನ್ನು ಹಿಡಿದು, ಕೊಳೆತು ಗೊಬ್ಬರವಾಗುವುದು. ರಾಗಿಯ ಹುಲ್ಲಿನ ಬಣವೆಗಳನ್ನು ಒಂದಕ್ಕೊಂದು ತಗಲುವಂತೆ ಒಟ್ಟುವ ಅಭ್ಯಾಸವನ್ನು ಬಿಡಬೇಕು. ಬ್ಯಾರನ್ನಿಗೆ ತಂದ ಸೌದೆಯಲ್ಲಿ ಮಿಕ್ಕುದು ಬೇಲಿಯ ಮಗ್ಗುಲಲ್ಲಿ ಬೇಸಗೆಯೆಲ್ಲ ಬಿದ್ದಿರುವುದನ್ನೂ ಅನೇಕ ಕಡೆ ನೋಡಿದ್ದೇನೆ.

ಇಷ್ಟೆಲ್ಲ ಮಾಡಿದರೂ ಬೆಂಕಿ ಏಳಬಹುದು. ಆಗ ಗುಂಪಾಗಿ ಓಡುವ ನಮ್ಮ ಹುಡುಗರಿಗೆ ಮುಂಚಿತವಾಗಿ ತಿಳಿಸಬೇಕಾದುದು ಒಂದುಂಟು. ಬೆಂಕಿಯು ಇಳಿಜಾರಿನಲ್ಲಿ ಕೆಳಗಿನಿಂದ ಮೇಲಕ್ಕೆ ಬಹು ವೇಗವಾಗಿ ಏರುವುದು, ಏಕೆಂದರೆ ಅದರ ನಾಲಗೆಯು ಮೇಲಿನ ಹುಲ್ಲನ್ನು ಮೊದಲೇ ಒಣಗಿಸಿ ಸಿದ್ಧಮಾಡಿಕೊಳ್ಳುತ್ತದೆ. ಆದಕಾರಣ ಬೆಂಕಿಗಿಂತ ಮೇಲೆ ಗುಡ್ಡದಲ್ಲಿ ಎಂದಿಗೂ ನಿಲ್ಲಕೂಡದು. ಅದು ಹೋಗುವ ದಿಕ್ಕಿಗೆ ಎದುರಾಗಿಯೂ ನಿಲ್ಲಕೂಡದು. ಸುಟ್ಟುಹೋದ ನೆಲದ ಕಡೆಯಿಂದ, ಪಕ್ಕಗಳಿಂದ, ಹಸಿಸೊಪ್ಪಿನಿಂದ ಬಡಿಯುತ್ತ ಬರಬೇಕು. ದೆಹರಾದೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯವರು ಉಪಗ್ರಹಗಳಿಂದ ಬೆಂಕಿಯನ್ನು ಗುರುತಿಸಿ, ಹೆಸರು ನೋಂದಾಯಿಸಿಕೊಂಡವರ ದೂರವಾಣಿಗೆ ಸಂದೇಶ ಕಳುಹಿಸುವರು. ಪ್ರತಿ ಗ್ರಾಮದಿಂದ ಇಬ್ಬರಾದರೂ ನೋಂದಾಯಿಸಿಕೊಂಡಿದ್ದರೆ ಒಳ್ಳೆಯದು. ಉಪಗ್ರಹವು ಆ ಜಾಗದ ಮೇಲೆ ಹಾದುಹೋಗುವವರೆಗೆ ಅದಕ್ಕೆ ಏನೂ ಕಾಣುವುದಿಲ್ಲವಾದುದರಿಂದ, ಹೊಗೆ ಕಂಡವನು ಸಂದೇಶಕ್ಕಾಗಿ ಕಾಯುತ್ತ ಕೂರತಕ್ಕದ್ದಲ್ಲ.

ಅಂಚಿನ ಹಿಡುವಳಿಗಳು ಯಾರಾರವು, ಗೋಮಾಳದ ಹುಲ್ಲನ್ನು ಕೊಯ್ಯುವವರು ಯಾರು, ಇಲಾಖೆಯವರಿಗೆ ಬರೆದುಕೊಳ್ಳುವವರು ಯಾರು, ಎಂಬುದನ್ನು ನಿಶ್ಚಯಿಸಲು ಗ್ರಾಮ ಪಂಚಾಯಿತಿಯವರೂ, ಗ್ರಾಮ ಅರಣ್ಯ ಸಮಿತಿ ಇರುವ ಕಡೆ ಅದರವರೂ, ಭೂಮಾಲೀಕರೂ ಒಂದು ದಿನ ಸೇರಬೇಕು. ರಾಗಿಯ ಕೊಯ್ಲು ಮುಗಿದು ಕಣದ ಕೆಲಸ ಆರಂಭವಾಗುವ ನಡುವೆ ನಮಗೆ ನಾಲ್ಕಾರು ದಿನಗಳ ಬಿಡುವು ದೊರೆಯುವುದುಂಟು. ಆ ದಿನಗಳಲ್ಲಿಯೇ ಸೇರುವುದು ಲೇಸು. ಸಂಕ್ರಾಂತಿಯ ಹಬ್ಬ ಕಳೆಯಲೆಂದು ಮುಂದಕ್ಕೆ ಹಾಕಿದರೆ ಅಷ್ಟರಲ್ಲಿ ಬೆಳಗಿನ ಮಂಜು ಕಡಮೆಯಾಗಿ, ಇಟ್ಟ ಬೆಂಕಿಯು ರಾತ್ರಿ ತಾನಾಗಿ ನಂದುವ ಕಾಲವು ಮೀರಿಹೋಗುತ್ತಿರುತ್ತದೆ.